ಸಾವನದುರ್ಗಕ್ಕೆ ಸಮುದ್ರ ಎಷ್ಟು ದೂರ?

ನಮ್ಮ ಬೇಲಿಯಾಚೆ ಒಬ್ಬ ಕುಮಟೆಯವರಿದ್ದಾರೆ. ಬ್ಯಾಂಕಿನ ಕೆಲಸ ಮುಗಿಸಿ, ಬೆಂಗಳೂರಿನ ಗದ್ದಲ ಸಾಕು ಅಂತ ಸಾವನದುರ್ಗದ ಬುಡಕ್ಕೆ ಬಂದು ಮನೆ ಕಟ್ಟಿಕೊಂಡವರು. ಇಲ್ಲಿಯ ಗಾಳಿ ಅವರಿಗೆ ಒಗ್ಗಿದೆ. ಕರಿಗುಡ್ಡ, ಬಿಳಿಗುಡ್ಡ ಎರಡನ್ನೂ ವರಾಂಡದಲ್ಲಿ ಕೂತೇ ನೋಡುತ್ತಾರೆ. ವೀರಭದ್ರಸ್ವಾಮಿಯ ಜಾತ್ರೆಗೂ ಬರುತ್ತಾರೆ. ಅವರಿಗೆ ಒಗ್ಗದೇ ಇರುವುದು ಒಂದೇ, ನಮ್ಮ ಮೀನು.

ಬೆಳಿಗ್ಗೆ ಮೊಪೆಡ್ಡಿನ ಹಿಂದೆ ಥರ್ಮಾಕೋಲ್ ಪೆಟ್ಟಿಗೆ ಕಟ್ಟಿಕೊಂಡು ಮೀನಿನವನು ಬರುತ್ತಾನೆ. "ಕಾಟ್ಲಾ, ರೋಹು, ಜಿಲೇಬೀ" ಅಂತ ಕೂಗುತ್ತಾನೆ. ನಾನು ಚೀಲ ಹಿಡಿದು ಗೇಟಿಗೆ ಹೋಗುವಷ್ಟರಲ್ಲಿ ಬೇಲಿಯ ಮೇಲೆ ಒಂದು ತಲೆ ಮೂಡುತ್ತದೆ.

"ಅದನ್ನ ತಗಳ್ತ್ರಾ? ಕೆಸರು ವಾಸನೆ ಮಾರಾಯ್ರೇ. ಅದಕ್ಕೆ ಉಪ್ಪು ನಾವು ಹಾಕಬೇಕು. ನಮ್ಮೂರ ಮೀನು ಉಪ್ಪು ಹಾಕ್ಕಂಡೇ ಹುಟ್ತದೆ."

"ನಾವು ಹುಣಸೆ ಹುಳಿ, ಕಾರ, ಕೊತ್ತಂಬರಿ ಹಾಕಿ ಕುದಿಸಿದ ಮೇಲೆ ಯಾವ ಊರಿನ ಮೀನಾದರೂ ಮಾಗಡಿ ಮೀನೇ ಆಗುತ್ತೆ, ಬಿಡಿ" ಅನ್ನುತ್ತೇನೆ ನಾನು. ಅಲ್ಲಿಗೆ ಶುರು. ಆಮೇಲೆ ಮೀನಿನವನು ಮೊಪೆಡ್ಡು ಸ್ಟ್ಯಾಂಡ್ ಹಾಕಿ ಬೀಡಿ ಹಚ್ಚುತ್ತಾನೆ. ಈ ಹರಟೆ ಬೇಗ ಮುಗಿಯುವುದಲ್ಲ ಅಂತ ಅವನಿಗೆ ಗೊತ್ತು.

ಅವರ ಹೊಳೆ ಅಘನಾಶಿನಿ. ಶಿರಸಿಯ ಶಂಕರಹೊಂಡದ ಕಡೆ ಹುಟ್ಟಿ, ಉಂಚಳ್ಳಿಯಲ್ಲಿ ಜಲಪಾತವಾಗಿ ಧುಮುಕಿ, ಕುಮಟಾ ತಾಲ್ಲೂಕಿಗೆ ಇಳಿದು, ತದಡಿ ಮತ್ತು ಅಘನಾಶಿನಿ ಊರುಗಳ ನಡುವೆ ಅರಬ್ಬಿ ಸಮುದ್ರ ಸೇರುತ್ತದೆ. ಅವರ ಮಾತಿನಲ್ಲಿ ಹೇಳುವುದಾದರೆ ಹೊಳೆ ಸಮುದ್ರಕ್ಕೆ ಹೋಗುವುದು ಅರ್ಧ ಕಥೆ, ಸಮುದ್ರ ಹೊಳೆಗೆ ಬರುವುದು ಇನ್ನರ್ಧ. ದಿನಕ್ಕೆ ಎರಡು ಸಲ ಭರತ, ಎರಡು ಸಲ ಇಳಿತ. ಬೇಸಿಗೆಯಲ್ಲಿ ಉಪ್ಪುನೀರು ಒಳನಾಡಿಗೆ ಉಪ್ಪಿನಪಟ್ಟಣದ ಕಡೆಯವರೆಗೂ ನುಗ್ಗುತ್ತದೆ. ಮಳೆಗಾಲದಲ್ಲಿ ಘಟ್ಟದ ಸಿಹಿನೀರು ಅದನ್ನು ಹಿಂದಕ್ಕೆ ತಳ್ಳುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಭರತ ದೊಡ್ಡದು, ಅಷ್ಟಮಿಗೆ ಚಿಕ್ಕದು. ಯಾವ ಹೊತ್ತಿಗೆ ಬಲೆ ಬಿಡಬೇಕು ಅನ್ನುವುದನ್ನು ಅಲ್ಲಿಯವರು ಗಡಿಯಾರ ನೋಡಿ ಲೆಕ್ಕ ಹಾಕುವುದಿಲ್ಲವಂತೆ, ತಿಥಿ ನೋಡಿ ಹಾಕುತ್ತಾರಂತೆ.

"ಪಂಚಾಂಗ ನೋಡಿ ಮೀನು ಹಿಡಿಯೋ ಜನ ನೀವು" ಅಂದೆ.

"ನಿಮ್ಮ ಹಾಗೆ ಟೆಂಡರ್ ನೋಡಿ ಹಿಡಿಯೂದಿಲ್ಲ" ಅಂದರು. ಆ ಮಾತು ಎಲ್ಲಿಗೆ ತಾಗಬೇಕೋ ಅಲ್ಲಿಗೇ ತಾಗಿತು. ನಮ್ಮ ಕಡೆ ಕೆರೆಗೆ ಮೀನು ಮರಿ ಬಿಡುವುದು, ಕೆರೆ ಹರಾಜಾಗುವುದು, ಗುತ್ತಿಗೆ ಹಿಡಿದವರು ಬಲೆ ಎಳೆಯುವುದು, ಎಲ್ಲವೂ ಕಾಗದದ ಮೇಲೆ ನಡೆಯುವ ವ್ಯವಹಾರ ತಾನೆ?

ಅವರ ಅಳಿವೆಯ ಮೀನಿನ ಪಟ್ಟಿ ಕೇಳುವುದಕ್ಕೆ ಹೊಟ್ಟೆ ಗಟ್ಟಿಯಿರಬೇಕು. ಮರಳಿನೊಳಗೆ ಮೈ ಹುದುಗಿಸಿಕೊಂಡು ಅಡಗುವ ಕಾಣೆ. ಉಪ್ಪುನೀರಲ್ಲೇ ಬೆಳೆಯುವ ಕಾಂಡ್ಲಾ ಗಿಡಗಳ ಬೇರಿನ ಸಂದಿಯಲ್ಲಿ ದೊಡ್ಡದಾಗುವ ಸಿಗಡಿ ಮರಿ. ಕೆಸರಿನ ಮೇಲೆ ನೆಗೆದಾಡುತ್ತಾ, ನೀರಿಗಿಂತ ದಂಡೆಯಲ್ಲೇ ಹೆಚ್ಚು ಹೊತ್ತು ಕಳೆಯುವ ಗುಡ್ಡೆಗಣ್ಣಿನ ಪುಟ್ಟ ಮೀನು. ಆಮೇಲೆ ಚೊಣಕ. ಈ ಚೊಣಕ ಬೆಳೆಯುವುದು ಹೊಳೆಯಲ್ಲಿ, ಮೊಟ್ಟೆ ಇಡುವುದು ಅಳಿವೆಯ ಬಾಯಿಯ ಉಪ್ಪುನೀರಿನಲ್ಲಿ. ಇನ್ನೊಂದು ವಿಶೇಷವೆಂದರೆ ಅದು ಸಾಮಾನ್ಯವಾಗಿ ಮೊದಲು ಗಂಡಾಗಿರುತ್ತದೆ, ಕೆಲವು ವರ್ಷ ಕಳೆದು ದೊಡ್ಡದಾದ ಮೇಲೆ ಹೆಣ್ಣಾಗುತ್ತದೆ.

ಇದನ್ನು ಕೇಳಿಸಿಕೊಂಡ ಅವರ ಮನೆಯಾಕೆ ಒಳಗಿನಿಂದಲೇ ಅಂದರು: "ವಯಸ್ಸಾದ ಮೇಲಾದ್ರೂ ಬುದ್ಧಿ ಬರ್ತದೆ ಅಂತಾಯ್ತು."

ಮೀನಿನವನು ನಕ್ಕ. ಕುಮಟೆಯವರು ನಗಲಿಲ್ಲ, ಬೆಳಚು ಅನ್ನುವ ಚಿಪ್ಪುಮೀನಿನ ವಿಷಯಕ್ಕೆ ಹೊರಟರು. ಇಳಿತದ ಹೊತ್ತಿಗೆ ಹೊಳೆಯ ನಡುವಿನ ದಿಬ್ಬಗಳು ತಲೆ ಎತ್ತುತ್ತವೆ. ಆಗ ಹೆಂಗಸರು, ಗಂಡಸರು ಬುಟ್ಟಿ ಹಿಡಿದು ಇಳಿಯುತ್ತಾರೆ, ಮರಳು ಕೆದಕಿ ಬೆಳಚು ಆರಿಸುತ್ತಾರೆ. ಭರತ ಬಂದರೆ ಕೆಲಸ ಮುಗಿಯಿತು. ಒಳಗಿನ ಮಾಂಸ ಅಡುಗೆಗೆ, ಚಿಪ್ಪು ಸುಣ್ಣಕ್ಕೆ. ಇನ್ನು ಗಜನಿ ಗದ್ದೆಗಳಿವೆ, ಹೊಳೆಯಂಚಿನ ಉಪ್ಪುನೀರು ಹೊಗುವ ತಗ್ಗು ಗದ್ದೆಗಳು. ಮಳೆಗಾಲದಲ್ಲಿ ನೀರು ಸಿಹಿಯಾದಾಗ ಅಲ್ಲಿ ಕಗ್ಗ ಬತ್ತ ಬಿತ್ತುತ್ತಾರೆ. ಉಪ್ಪನ್ನೂ ನೆರೆಯನ್ನೂ ತಾಳಿಕೊಳ್ಳುವ ಬತ್ತ ಅದು. ಕೊಯ್ಯುವಾಗ ತೆನೆ ಮಾತ್ರ ಕೊಯ್ದು ದಂಟನ್ನು ಗದ್ದೆಯಲ್ಲೇ ಬಿಡುತ್ತಾರೆ. ಆಮೇಲೆ ತೂಬಿನ ಹಲಗೆ ಎತ್ತಿ ಉಪ್ಪುನೀರು ಒಳಗೆ ಬಿಟ್ಟರೆ ದಂಟು ಕೊಳೆತು ಮೀನಿಗೆ, ಸಿಗಡಿಗೆ ಮೇವಾಗುತ್ತದೆ. ಇಳಿತದಲ್ಲಿ ತೂಬಿನ ಬಾಯಿಗೆ ಬಲೆ ಕಟ್ಟಿದರಾಯಿತು.

"ಮರಿ ಯಾರು ತಂದು ಬಿಡ್ತಾರೆ?" ಅಂತ ಮೀನಿನವನು ಕೇಳಿದ. ವ್ಯಾಪಾರಸ್ಥನ ಪ್ರಶ್ನೆ.

"ಸಮುದ್ರ ತಂದು ಬಿಡ್ತದೆ."

"ಬಿಲ್ಲು?"

"ಬಿಲ್ಲಿಲ್ಲ."

ಅವನು ಬೀಡಿ ಎಳೆಯುವುದನ್ನೇ ಮರೆತ.

2024ರ ಜನವರಿ ಕೊನೆಗೆ ಅಘನಾಶಿನಿ ಅಳಿವೆಯ 4801 ಹೆಕ್ಟೇರ್ ಪ್ರದೇಶ ರಾಮ್ಸರ್ ಪಟ್ಟಿಗೆ ಸೇರಿತು. ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿ ಅದು. ಮೀನುಗಾರಿಕೆ, ಬೆಳಚು, ಗಜನಿ, ಉಪ್ಪು ಎಲ್ಲ ಸೇರಿ 6000ದಿಂದ 7500 ಕುಟುಂಬಗಳಿಗೆ ಈ ಅಳಿವೆಯೇ ಅನ್ನ ಅಂತ ಕೇಂದ್ರ ಸರ್ಕಾರವೇ ಹೇಳಿತು. ಅದೇ ದಿನದ ಪಟ್ಟಿಯಲ್ಲಿ 'ಮಾಗಡಿ ಕೆರೆ' ಅಂತ ಇನ್ನೊಂದು ಹೆಸರೂ ಇತ್ತು ನೋಡಿ! ನಮ್ಮ ಟೀ ಅಂಗಡಿಯಲ್ಲಿ ಆ ದಿನ ಎಂಥ ಸಂಭ್ರಮ! ಕೆಂಪೇಗೌಡರ ಊರಿಗೆ ಕೊನೆಗೂ ನ್ಯಾಯ ಸಿಕ್ಕಿತು ಅಂದರು ಒಬ್ಬರು. ಕುಮಟೆಯವರು ಪೇಪರನ್ನು ಮಡಿಚಿ, ಕನ್ನಡಕ ತೆಗೆದು, ಅದು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕಿನ ಮಾಗಡಿ, ಪಟ್ಟೆತಲೆಯ ಹೆಬ್ಬಾತುಗಳು ಚಳಿಗಾಲಕ್ಕೆ ಬಂದಿಳಿಯುವ ಕೆರೆ ಅಂತ ವಿವರಿಸಿದರು. ಅವತ್ತು ಅವರ ಟೀಗೆ ಯಾರೂ ದುಡ್ಡು ಕೊಡಲಿಲ್ಲ.

ಹಾಗಂತ ನಾವು ಬಿಟ್ಟುಕೊಡುವ ಜನವಾ? ನಮ್ಮ ಅರ್ಕಾವತಿ ನಂದಿ ಬೆಟ್ಟದಲ್ಲಿ ಹುಟ್ಟಿ, ಸಾವನದುರ್ಗದ ಪಕ್ಕದಲ್ಲೇ ಮಂಚನಬೆಲೆಯಲ್ಲಿ ನಿಂತು, ರಾಮನಗರ, ಕನಕಪುರ ದಾಟಿ ಸಂಗಮದಲ್ಲಿ ಕಾವೇರಿ ಸೇರುತ್ತಾಳೆ. ಆ ಸಂಗಮದ ಆಸುಪಾಸಿನ ಮಡುಗಳಲ್ಲಿ ಇದ್ದದ್ದು ಬಿಳಿಮೀನು. ಇಂಗ್ಲಿಷರು ಮಹಶೀರ್ ಅಂದದ್ದು ಇದನ್ನೇ. ಬೆನ್ನ ಮೇಲೆ ಗೂನು, ಕಿತ್ತಳೆ ಬಣ್ಣದ ರೆಕ್ಕೆ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಮನೆತನದ ಡಿ ವೆಟ್ ವ್ಯಾನ್ ಇಂಗೆನ್ ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಬಿಳಿಮೀನು 120 ಪೌಂಡ್ ತೂಗಿತು, ಅಂದರೆ 54 ಕೆ.ಜಿ. ಹುಲಿ, ಚಿರತೆಗಳ ಚರ್ಮ ತುಂಬಿ ನಿಲ್ಲಿಸುತ್ತಿದ್ದ ಮನೆತನ ಅದು. ನಿಮ್ಮ ಅಳಿವೆಯಲ್ಲಿ ಅಷ್ಟು ತೂಕದ್ದು ಯಾವುದಿದೆ ಅಂತ ನಾನು ಎದೆ ಸೆಟೆಸಿ ಕೇಳಿದೆ.

"ನೀವು ಎಷ್ಟು ಬಿಳಿಮೀನು ಕಂಡೀರಿ?" ಅಂದರು.

ಅದು ಕೇಳಬಾರದ ಪ್ರಶ್ನೆ. ಗಾಳದವರ ಲೋಕದಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಹೆಸರು ಮಾಡಿದ ಈ ಮೀನಿಗೆ ಸರಿಯಾದ ವೈಜ್ಞಾನಿಕ ಹೆಸರು ಯಾವುದು ಅಂತ ಗೊತ್ತಾಗಿದ್ದೇ 2018ರಲ್ಲಿ: ಟಾರ್ ರೆಮಾದೇವಿ. ಅದೇ ವರ್ಷ ಅದು ಅಳಿವಿನ ತೀರ ಅಂಚಿನಲ್ಲಿದೆ ಅಂತಲೂ ದಾಖಲಾಯಿತು. ಹೆಸರಿಡುವುದೂ ತಿಥಿ ಗೊತ್ತುಮಾಡುವುದೂ ಒಟ್ಟಿಗೇ ಆದಂತಾಯಿತು. ಇದು ಕಾವೇರಿ ಸೀಮೆ ಬಿಟ್ಟರೆ ಬೇರೆಲ್ಲೂ ಇಲ್ಲದ ಮೀನು. ಅಣೆಕಟ್ಟು, ಸಿಡಿಮದ್ದು ಹಾಕಿ ಮೀನು ಹಿಡಿಯುವವರು, ಮರಳು ಬಗೆಯುವವರು ಇದ್ದದ್ದು ಸಾಲದು ಅಂತ ಒಳ್ಳೆಯ ಉದ್ದೇಶದಿಂದಲೇ ಹೊರಗಿನ ಜಾತಿಯ ಮಹಶೀರ್ ಮರಿಗಳನ್ನೂ ತಂದು ಕಾವೇರಿಗೆ ಬಿಟ್ಟರು. ಬಂದ ನೆಂಟರು ಮನೆಯನ್ನೇ ಆಕ್ರಮಿಸಿದರು.

ನಮ್ಮ ರಾಜ್ಯಕ್ಕೊಂದು ರಾಜ್ಯ ಮೀನೂ ಇದೆ. ನೀಲಕಂಠ ನಮ್ಮ ರಾಜ್ಯ ಪಕ್ಷಿ ಅಂತ ಮೂರನೇ ಕ್ಲಾಸಿನ ಮಗು ಹೇಳುತ್ತೆ. ರಾಜ್ಯ ಮೀನು ಯಾವುದು ಅಂದರೆ ಮೇಷ್ಟ್ರೂ ತಲೆ ಕೆರೆದುಕೊಳ್ಳುತ್ತಾರೆ. ಕಾರ್ನಾಟಿಕ್ ಕಾರ್ಪ್ ಅದು, ಕಾವೇರಿ ಸೀಮೆಯ ಹೊಳೆಗಳ ಮೀನು. ನಮ್ಮ ಮೀನಿನವನನ್ನು ಕೇಳಿದೆ. "ಆ ಹೆಸರಿಂದು ನನ್ನ ಪೆಟ್ಟಿಗೇಲಿ ಬಂದಿಲ್ಲ ಸ್ವಾಮಿ" ಅಂದ.

ಹಾಗಾದರೆ ಅವನ ಪೆಟ್ಟಿಗೆಯಲ್ಲಿ ಇರುವುದು ಯಾವುದು? ಬಗ್ಗಿ ನೋಡಿದೆವು. ಜಿಲೇಬಿ ಆಫ್ರಿಕದ್ದು, 1952ರಲ್ಲಿ ಭಾರತಕ್ಕೆ ಬಂದದ್ದು. ಮೊಟ್ಟೆ, ಮರಿಗಳನ್ನು ತಾಯಿ ಬಾಯಲ್ಲೇ ಇಟ್ಟುಕೊಂಡು ಕಾಯುತ್ತಾಳೆ. ಅಂಥ ತಾಯಿ ಸಿಕ್ಕಿದ ಮೇಲೆ ಸಂತಾನಕ್ಕೇನು ಕೊರತೆ? ಯಾವ ಕೆರೆಗೆ ಬಿದ್ದರೂ ತುಂಬಿಕೊಳ್ಳುತ್ತದೆ. ಕಾಟ್ಲಾ, ರೋಹು, ಮೃಗಾಲ್ ಉತ್ತರದ ಗಂಗಾ ಸೀಮೆಯ ಮೀನುಗಳು. ಸಾಮಾನ್ಯ ಗೆಂಡೆ, ಹುಲ್ಲುಗೆಂಡೆ, ಬೆಳ್ಳಿಗೆಂಡೆ ಮೂರೂ ಹೊರದೇಶದವು. ಪೆಟ್ಟಿಗೆಯ ಮೂಲೆಯಲ್ಲಿ ಒಂದೇ ಒಂದು ಕೊರವ ಇತ್ತು. ಅದೊಂದು ನಮ್ಮ ನೆಲದ್ದು. ಗಾಳಿಯನ್ನೇ ಉಸಿರಾಡಬಲ್ಲದು, ಕೆರೆ ಒಣಗಿದರೆ ಕೆಸರಿನಲ್ಲಿ ಕಾದು ಕೂರಬಲ್ಲದು, ಮರಿಗಳ ಹಿಂಡನ್ನು ತಂದೆತಾಯಿ ಕಾಯುತ್ತವೆ. ಅದರ ಬೆಲೆ ಕೇಳಿ ನಾನು ಜಿಲೇಬಿಯನ್ನೇ ತೂಗಿಸಿಕೊಂಡೆ.

ಕಾಟ್ಲಾ, ರೋಹುಗಳದ್ದು ಇನ್ನೊಂದು ಪಾಡು. ನಿಂತ ನೀರಿನಲ್ಲಿ ಅವು ಬೆಳೆಯುತ್ತವೆಯೇ ಹೊರತು ಮೊಟ್ಟೆ ಇಡುವುದಿಲ್ಲ. ಅವಕ್ಕೆ ಮುಂಗಾರಿನ ಪ್ರವಾಹ ಬೇಕು, ಹರಿಯುವ ಹೊಳೆ ಬೇಕು. ಹೊಳೆಗಳಿಂದಲೇ ಮರಿ ಹಿಡಿದು ತರುತ್ತಿದ್ದ ಕಾಲದಲ್ಲಿ, 1957ರ ಜುಲೈ 10ರಂದು, ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಂಗಡಿಗರು ಮೀನಿನ ಪಿಟ್ಯುಟರಿ ಗ್ರಂಥಿಯ ರಸವನ್ನು ಗೆಂಡೆ ಜಾತಿಯ ಮೀನಿಗೆ ಚುಚ್ಚಿ ಮೊಟ್ಟೆ ಇಡಿಸಿದರು. ಈಗಲೂ ಜುಲೈ 10 ರಾಷ್ಟ್ರೀಯ ಮೀನು ಕೃಷಿಕರ ದಿನ. ಅವತ್ತಿನಿಂದ ಕೋಟ್ಯಂತರ ಜನರಿಗೆ ಅಗ್ಗದಲ್ಲಿ ಮೀನು ಸಿಕ್ಕಿತು, ಅದನ್ನು ಅಲ್ಲಗಳೆಯಬಾರದು. ಆದರೆ ನಮ್ಮ ಕೆರೆಯ ಕಾಟ್ಲಾಗೆ ಇಲ್ಲಿ ವಂಶ ಇಲ್ಲ. ಮರಿಕೇಂದ್ರದಿಂದ ಬಂತು, ಬೆಳೆಯಿತು, ಪೆಟ್ಟಿಗೆಗೆ ಹೋಯಿತು. ಮುಂದಿನ ವರ್ಷ ಮತ್ತೆ ಲಾರಿ ಬರಬೇಕು.

"ಅಂದ್ರೆ ನಿಮ್ಮ ಮೀನೆಲ್ಲ ಲಾರಿಯಲ್ಲಿ ಬಂದದ್ದು, ನಮ್ಮ ಮೀನು ನೀರಲ್ಲಿ ಬಂದದ್ದು" ಅಂದರು ಕುಮಟೆಯವರು. ಅಷ್ಟು ಹೊತ್ತಿಗೆ ಅವರ ದನಿಯಲ್ಲಿ ಜಂಬ ಕಡಿಮೆಯಾಗಿತ್ತು. "ಆದ್ರೂ ನಿಮ್ಮ ಹೊಳೆಗೂ ಸಮುದ್ರದ ಮೀನು ಬರ್ತಿರಬೇಕಲ್ರೀ ಹಿಂದೆ?"

ಬರುತ್ತಿತ್ತು. ಅದೇ ಈ ಹರಟೆಯ ತಿರುಳು. ಕಾವೇರಿಗೂ ಒಂದು ಕಡಲಬಾಯಿ ಇದೆ, ಪೂಂಪುಹಾರಿನ ಹತ್ತಿರ. ಅಲ್ಲಿಂದ ಹಿಲ್ಸಾ ಮೀನು ಮೊಟ್ಟೆ ಇಡುವುದಕ್ಕೆ ಹೊಳೆ ಹತ್ತುತ್ತಿತ್ತು. ತಮಿಳರು ಅದನ್ನು ಉಲ್ಲಂ ಅನ್ನುತ್ತಾರೆ. ಬಂಗಾಳಿಗಳು ಪ್ರಾಣ ಬಿಡುವ ಮೀನೇ ಅದು. 1934ರಲ್ಲಿ ಮೆಟ್ಟೂರು ಅಣೆಕಟ್ಟು ಎದ್ದ ಮೇಲೆ ಕಾವೇರಿಯ ಹಿಲ್ಸಾ ಮೀನುಗಾರಿಕೆ ಮುಗಿದೇ ಹೋಯಿತು. ಹಾವುಮೀನಿನ ಕಥೆ ಇದಕ್ಕೆ ತದ್ವಿರುದ್ಧ. ಅದು ಹುಟ್ಟುವುದು ಹಿಂದೂ ಮಹಾಸಾಗರದಲ್ಲಿ. ಎಲೆಯ ಆಕಾರದ, ಮೈಯೊಳಗೆ ಬೆಳಕು ಹಾಯುವಂಥ ಮರಿಗಳು ಸಮುದ್ರದ ಸೆಳವಿನಲ್ಲಿ ತೇಲಿ ಬಂದು, ಅಳಿವೆಯಲ್ಲಿ ದಾರದಂತೆ ರೂಪ ಬದಲಿಸಿ, ಹೊಳೆ ಹಿಡಿದು ಮೇಲಕ್ಕೆ ಹೊರಡುತ್ತವೆ. ಒದ್ದೆ ಬಂಡೆಯ ಮೇಲೂ ತೆವಳಿ ಹತ್ತುತ್ತವೆ. ವರ್ಷಗಟ್ಟಲೆ ಸಿಹಿನೀರಿನ ಮಡುವಿನಲ್ಲಿ ಬೆಳೆದು, ಸಾಯುವ ಮೊದಲು ಮೊಟ್ಟೆ ಇಡಲು ಮತ್ತೆ ಕಡಲಿಗೆ ಇಳಿಯುತ್ತವೆ. ಕಾವೇರಿಯ ಮೀನುಗಳ ಪಟ್ಟಿಯಲ್ಲಿ ಇದಕ್ಕೂ ಜಾಗವಿದೆ.

ಈಗ ಒಂದು ಹಾವುಮೀನಿನ ಮರಿ ಸಾವನದುರ್ಗದ ಬುಡಕ್ಕೆ ಬರಬೇಕು ಅಂತ ಹೊರಟರೆ ಏನಾಗುತ್ತೆ ಲೆಕ್ಕ ಹಾಕಿ. ಮೊದಲು ಕಲ್ಲಣೈ, ಆಮೇಲೆ ಮುಕ್ಕೊಂಬಿನ ಮೇಲಣೆ, ಮಧ್ಯೆ ಇನ್ನಷ್ಟು ಕಟ್ಟೆಗಳು, ಆಮೇಲೆ ಮೆಟ್ಟೂರು. ಅಲ್ಲಿಂದ ಹೊಗೇನಕಲ್ಲು ದಾಟಿ, ಮೇಕೆದಾಟು ದಾಟಿ ಸಂಗಮಕ್ಕೆ ಬಂದು ಅರ್ಕಾವತಿಗೆ ತಿರುಗಿದರೆ ಹಾರೋಬೆಲೆ ಅಣೆಕಟ್ಟು. ಅದನ್ನೂ ಹತ್ತಿದರೆ ಮಂಚನಬೆಲೆಯ ಗೋಡೆ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಸಾವನದುರ್ಗದ ಕೋಟೆಯನ್ನು ಹಿಡಿದದ್ದೇ ಇದಕ್ಕಿಂತ ಸುಲಭ. ಮೇಕೆದಾಟಿನಲ್ಲಿ ಇನ್ನೊಂದು ಅಣೆಕಟ್ಟು ಬರಲಿದೆಯಂತೆ, 67 ಟಿಎಂಸಿಯದು. ಅದರ ಮಾತು ತೆಗೆದರೆ ಹರಟೆ ಜಗಳವಾಗುತ್ತೆ. ನಮ್ಮ ಜಿಲ್ಲೆಯಲ್ಲಿ ಬೇಲಿಗಿಂತ ಮುಂಚೆ ಅದೇ ಎರಡು ಮನೆಗಳನ್ನು ಬೇರೆ ಮಾಡುತ್ತೆ. ಅದಕ್ಕೇ ಬಿಟ್ಟೆ.

ಅಣೆಕಟ್ಟಿನಿಂದ ತೊಂದರೆ ಮೇಲೆ ಹತ್ತುವ ಮೀನಿಗಷ್ಟೇ ಅಂದುಕೊಂಡಿದ್ದವರಿಗೆ ಕುಮಟೆಯವರು ಪಕ್ಕದ ಹೊನ್ನಾವರದ ಉದಾಹರಣೆ ಕೊಟ್ಟರು. ಅಲ್ಲಿ ಶರಾವತಿ. 1964ರಲ್ಲಿ ಲಿಂಗನಮಕ್ಕಿ ಕಟ್ಟಿ ಮುಗಿಯಿತು. ವಿದ್ಯುತ್ ಉತ್ಪಾದಿಸಿ ಬಿಟ್ಟ ಸಿಹಿನೀರು ಬೇಸಿಗೆಯಲ್ಲೂ ಅಳಿವೆಗೆ ಬಂದು ಸುರಿಯುತ್ತದೆ. ಉಪ್ಪಿನಂಶ ಕಡಿಮೆಯಾಗಿ ಅಲ್ಲಿಯ ಚಿಪ್ಪುಜೀವಿಗಳು ಕ್ಷೀಣಿಸಿವೆ ಅಂತ ಭಾರತೀಯ ವಿಜ್ಞಾನ ಸಂಸ್ಥೆಯವರು ಅಘನಾಶಿನಿ, ಶರಾವತಿ, ಕಾಳಿ ಅಳಿವೆಗಳನ್ನು ಹೋಲಿಸಿ ನೋಡಿ ಬರೆದಿದ್ದಾರೆ. ಹೊಳೆ ಅದೇ ಘಟ್ಟದ್ದು, ಕಡಲು ಅದೇ ಅರಬ್ಬಿ, ಮಳೆಯೂ ಅದೇ. ಅಘನಾಶಿನಿಗೆ ದೊಡ್ಡ ಅಣೆಕಟ್ಟಿಲ್ಲ, ಶರಾವತಿಗಿದೆ. ಬೆಳಚಿನ ಬುಟ್ಟಿಯಲ್ಲಿ ವ್ಯತ್ಯಾಸ ಕಾಣುತ್ತದೆ.

"ನಮ್ಮಲ್ಲೂ ಉಬ್ಬರವಿಳಿತದ ಹೊಳೆ ಒಂದಿದೆ, ತಿಳೀತಾ?" ಅಂದೆ ನಾನು, ಸೋಲೊಪ್ಪಲು ಮನಸ್ಸಿಲ್ಲದೆ. "ವೃಷಭಾವತಿ. ಬೆಂಗಳೂರಿನವರು ಬೆಳಿಗ್ಗೆ ಎದ್ದು ಸ್ನಾನ ಮಾಡಿ ನಲ್ಲಿ ಬಿಟ್ಟರೆ ಉಬ್ಬರ, ಆಫೀಸಿಗೆ ಹೋದರೆ ಇಳಿತ. ಅಮಾವಾಸ್ಯೆ ಬೇಕಿಲ್ಲ, ಭಾನುವಾರ ಸ್ವಲ್ಪ ತಡವಾಗುತ್ತೆ ಅಷ್ಟೆ." ಕಾವೇರಿಯಿಂದ ಪಂಪು ಮಾಡಿ ಬೆಂಗಳೂರಿಗೆ ಏರಿಸಿದ ನೀರಿನ ಒಂದು ಪಾಲು ಕೊಳಚೆಯಾಗಿ ವೃಷಭಾವತಿಗಿಳಿದು, ಬೈರಮಂಗಲದ ಕೆರೆ ಹಾದು, ಅರ್ಕಾವತಿ ಸೇರಿ, ಸಂಗಮದಲ್ಲಿ ಮತ್ತೆ ಕಾವೇರಿಗೇ ಬರುತ್ತದೆ. ಅಂಥ ನೀರಿಗೂ ಹೆದರದ ಮೀನು ಆಫ್ರಿಕನ್ ಕ್ಯಾಟ್‌ಫಿಶ್. ಸಾಕಬಾರದು ಅಂತ ಭಾರತ ಸರ್ಕಾರ 2000ದಲ್ಲೇ ನಿಷೇಧಿಸಿತು. ಕದ್ದು ಸಾಕುವುದು ನಿಂತಿಲ್ಲ. ಅದು ಕೊಳಕನ್ನೂ ತಿನ್ನುತ್ತೆ, ಬೇರೆ ಮೀನಿನ ಮರಿಗಳನ್ನೂ ತಿನ್ನುತ್ತೆ.

ಕುಮಟೆಯವರು ಈ ಸಲ ನಕ್ಕರು. ಆಮೇಲೆ ಗಂಭೀರವಾಗಿ ಲಂಡನ್ನಿನ ಥೇಮ್ಸ್ ಕಥೆ ಹೇಳಿದರು. ಅದೂ ಭರತ, ಇಳಿತದ ಹೊಳೆಯೇ, ಊರಿನ ನಡುವೆಯೇ ನೀರು ಏರಿ ಇಳಿಯುತ್ತದೆ. 1957ರಲ್ಲಿ ಅಲ್ಲಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂನವರು ಲಂಡನ್ನಿನ ಭಾಗದ ಥೇಮ್ಸ್ ಸತ್ತಿದೆ ಅಂತಲೇ ಘೋಷಿಸಿದ್ದರು. ಅಲ್ಲಿಯವರು ಕೊಳಚೆ ಶುದ್ಧೀಕರಣಕ್ಕೆ ದುಡ್ಡು ಸುರಿದರು, ಕಾರ್ಖಾನೆಗಳಿಗೆ ಕಡಿವಾಣ ಹಾಕಿದರು. 2021ರ ವರದಿಯಲ್ಲಿ 115 ಜಾತಿಯ ಮೀನುಗಳ ಲೆಕ್ಕ ಸಿಕ್ಕಿತು. ಅದರಲ್ಲಿ ಕಡಲಕುದುರೆಯೂ ಇದೆ, ಹಾವುಮೀನೂ ಇದೆ. ಯಾರೂ ಲಾರಿಯಲ್ಲಿ ಅಷ್ಟು ಜಾತಿಗಳನ್ನು ತಂದು ಸುರಿದಿಲ್ಲ. ನೀರು ಸರಿಯಾಯಿತು, ಕಡಲ ಕಡೆಯ ಬಾಗಿಲು ತೆರೆದೇ ಇತ್ತು, ಬಂದವು.

ಅಲ್ಲಿಗೆ ಮೀನಿನವನು ಬೀಡಿ ಹೊಸಕಿ ಮೊಪೆಡ್ಡು ಒದ್ದ. ಅವನಿಗೆ ಇನ್ನೂ ನಾಲ್ಕು ಬೀದಿ ಸುತ್ತಬೇಕಿತ್ತು.

ಬೇಲಿಯ ಎರಡೂ ಕಡೆಯವರು ಕೊನೆಗೆ ಒಪ್ಪಿದ್ದು ಇಷ್ಟು. ಹೊಳೆಯಲ್ಲಿ ಎಷ್ಟು ಜಾತಿ ಮೀನಿದೆ ಅನ್ನುವುದು ಹೊಳೆಯ ಉದ್ದದ ಮೇಲೆ ನಿಂತಿಲ್ಲ. ಅಘನಾಶಿನಿ ಅರ್ಕಾವತಿಗಿಂತ ಗಿಡ್ಡ. ಮೇಲಿನ ತುದಿಗೂ ಕೆಳಗಿನ ತುದಿಗೂ ನಡುವೆ ದಾರಿ ತೆರೆದಿದೆಯೋ ಇಲ್ಲವೋ ಅನ್ನುವುದರ ಮೇಲೆ ನಿಂತಿದೆ. ನಮ್ಮ ಕಡೆ ಕಟ್ಟಿದ್ದನ್ನು ಕೆಡವುವುದು ಆಗುವ ಮಾತಲ್ಲ, ಕುಡಿಯುವ ನೀರಿಗೂ ಗದ್ದೆಗೂ ಅದು ಬೇಕೇ ಬೇಕು. ಕಟ್ಟದೆ ಉಳಿದ ಅಘನಾಶಿನಿಯಂಥ ಒಂದೆರಡು ಹೊಳೆಗಳನ್ನಾದರೂ ತಿರುವು ಯೋಜನೆ, ಬಂದರು ಯೋಜನೆ ಅಂತ ಕೆಣಕದೆ ಅವುಗಳ ಪಾಡಿಗೆ ಬಿಡಬೇಕು. ವೃಷಭಾವತಿಗೆ ಶುದ್ಧ ಮಾಡದ ಕೊಳಚೆ ಬಿಡುವುದನ್ನು ನಿಲ್ಲಿಸಬೇಕು. ಇದು ಸರ್ಕಾರದ ಕೆಲಸ.

ನಿಮ್ಮ ಕೈಯಲ್ಲಿ ಆಗುವ ಕೆಲಸವೂ ಒಂದಿದೆ. ಅಕ್ವೇರಿಯಂ ಮೀನು ಸಾಕಿ ಬೇಸರವಾದರೆ, ಪಾಪ ಬದುಕಿಕೊಳ್ಳಲಿ ಅಂತ ತಂದು ಮಂಚನಬೆಲೆಗೋ ಊರ ಕೆರೆಗೋ ಬಿಡಬೇಡಿ. ಗಾಜಿಗೆ ಬಾಯಿ ಅಂಟಿಸಿಕೊಂಡು ಕೂರುವ ಆ ಸಕ್ಕರ್ ಮೀನು ದಕ್ಷಿಣ ಅಮೆರಿಕದ್ದು, ಮೈಯೆಲ್ಲ ಮುಳ್ಳುಗವಚ, ಇಲ್ಲಿ ಅದನ್ನು ತಿನ್ನುವವರು ಯಾರೂ ಇಲ್ಲ, ಬಲೆ ಹರಿಯುತ್ತೆ. ಇಂಥವನ್ನು ಬಿಟ್ಟರೆ ಪುಣ್ಯ ಬರುವುದಿಲ್ಲ, ಉಳಿದಿರುವ ಕೊರವನಿಗೂ ಕುತ್ತು ಬರುತ್ತದೆ. ವಾಪಸು ಅಂಗಡಿಯವನಿಗೇ ಕೊಟ್ಟುಬಿಡಿ.